ಅತಿಥಿಗಳ ಪಟ್ಟಿಯಲ್ಲಿ ಇನ್ನೊಂದು ಹೆಸರು

ಸಿಂಗ್ಖಾಮ್ ದೊಡ್ಡಪ್ಪ ನಮಗೆ ರಕ್ತಸಂಬಂಧಿಯಲ್ಲ. ವಿಯೆಂಟಿಯಾನಿನ ಸೀಸತ್ತನಾಕ್ ಬಡಾವಣೆಯ ನಮ್ಮ ಓಣಿಯಲ್ಲಿ ಅಪ್ಪನಿಗಿಂತ ಹಿರಿಯರೆಲ್ಲ ದೊಡ್ಡಪ್ಪಂದಿರೇ. ಆದರೂ ನಮ್ಮ ಅಚ್ಚುಕೂಟಕ್ಕೆ ಅನ್ನ ಕೊಟ್ಟ ಕೈಗಳಲ್ಲಿ ಅವರದೂ ಒಂದು. ಅವರ ವಿಷಯ ಬರೆಯಬೇಕೆಂದು ಎರಡು ಸಲ ಕೂತು ಎರಡು ಸಲವೂ ಎದ್ದುಹೋಗಿದ್ದೇನೆ. ಈ ಸಲ ಏಳುವುದಿಲ್ಲ.

ವಿಯೆಂಟಿಯಾನ್ ದೊಡ್ಡ ಊರಲ್ಲ, ಆದರೆ ಲಾವೋಸಿನ ರಾಜಧಾನಿ. ನಮ್ಮ ಓಣಿಯಿಂದ ಸೈಕಲ್ ಹತ್ತಿ ಒಂದು ಸುತ್ತು ಹಾಕಿದರೆ ಆರೇಳು ದೇಶಗಳ ಬಾವುಟ ಕಾಣುತ್ತವೆ. ಒಂದೊಂದು ರಾಯಭಾರ ಕಚೇರಿಗೂ ವರ್ಷಕ್ಕೊಂದು ರಾಷ್ಟ್ರೀಯ ದಿನ, ಹಳೆಯ ರಾಯಭಾರಿಗೆ ಬೀಳ್ಕೊಡುಗೆ, ಹೊಸಬರಿಗೆ ಸ್ವಾಗತ, ನಡುವೆ ಯಾರಾದರೂ ಮಂತ್ರಿ ಬಂದಿಳಿದರೆ ಊಟ. ಪ್ರತಿಯೊಂದಕ್ಕೂ ಇನ್ನೂರೋ ಮುನ್ನೂರೋ ಕಾರ್ಡು. ಅದನ್ನು ಅಚ್ಚು ಮಾಡುವವರು ನಾವು. ಕಾರ್ಡಿನ ಮೇಲೆ ಅತಿಥಿಯ ಹೆಸರನ್ನು ಮಾತ್ರ ಕೈಯಲ್ಲೇ ಬರೆಯಬೇಕು. ಯಂತ್ರದಲ್ಲಿ ಹೊಡೆದ ಹೆಸರು ಮರ್ಯಾದೆಯಲ್ಲ ಎಂದು ಆ ಕಚೇರಿಗಳವರ ನಂಬಿಕೆ. ಆ ಬರೆಯುವ ಕೆಲಸ ಸಿಂಗ್ಖಾಮ್ ದೊಡ್ಡಪ್ಪನದು.

ಹಗಲಿಗೆ ಅವರು ಒಂದು ಇಲಾಖೆಯ ಹಳೆ ಕಡತಗಳ ಕೋಣೆಯಲ್ಲಿ ಗುಮಾಸ್ತ. ಚಿಕ್ಕಂದಿನಲ್ಲಿ ವಿಹಾರದಲ್ಲಿದ್ದುಕೊಂಡು ಭಿಕ್ಷುಗಳಿಗಾಗಿ ತಾಳೆಗರಿ ನಕಲು ಮಾಡಿದ್ದವರು. ಆಮೇಲೆ ಫ್ರೆಂಚ್ ಮೇಷ್ಟ್ರೊಬ್ಬರು ಬೆರಳ ಗಂಟಿನ ಮೇಲೆ ಹೊಡೆದು ಹೊಡೆದು ಓರೆ ಅಕ್ಷರ ಕಲಿಸಿದ್ದರಂತೆ. ಹಾಗಾಗಿ ನಮ್ಮ ಲಾವೋ ಲಿಪಿಯೂ ಬಿಳಿಯರ ಲಿಪಿಯೂ ಒಂದೇ ಕೈಯಲ್ಲಿ ಒಂದೇ ಚೆಂದಕ್ಕೆ ಬರುತ್ತಿದ್ದವು. ಕಚೇರಿ ಮುಗಿಸಿ ಸಂಜೆ ನಮ್ಮ ಅಚ್ಚುಕೂಟದ ಹಿಂಬದಿಗೆ ಬರುವರು, ಸೋಪು ಹಾಕಿ ಕೈತೊಳೆದು ಒರೆಸಿಕೊಳ್ಳುವರು, ಪೆನ್ನಿನ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಒಮ್ಮೆ ಎಳೆದು ನೋಡಿ ಶುರುಮಾಡುವರು. ನಾನು ಆಗ ಶಾಲೆಗೆ ಹೋಗುವ ಹುಡುಗಿ. ಪಕ್ಕದಲ್ಲಿ ಕೂತು ಶಾಯಿ ಆರಿದ ಕಾರ್ಡುಗಳನ್ನು ಜೋಡಿಸುತ್ತಿದ್ದೆ.

“ಉಸಿರು ಬಿಡಬೇಡ ಫೆಟ್, ಇದು ಮಂತ್ರಿ” ಎನ್ನುವರು. ಆಮೇಲೆ, “ಹ್ಞಾ, ಈಗ ಬಿಡು. ಇದು ಬರೀ ಡೈರೆಕ್ಟರು.”

ಇಪ್ಪತ್ತೆರಡು ವರ್ಷ ಹೀಗೆ ನಡೆಯಿತು. ಅಪ್ಪ ಹೋದ ಮೇಲೆ ಅಚ್ಚುಕೂಟ ನನ್ನ ಕೈಗೆ ಬಂತು. ದೊಡ್ಡಪ್ಪ ನಿವೃತ್ತರಾದರು. ಅದೇ ವರ್ಷ ಅವರ ಹೆಂಡತಿ ಬುವಾಖಾಮ್ ದೊಡ್ಡಮ್ಮ ತೀರಿಕೊಂಡರು. ಒಬ್ಬಳೇ ಮಗಳು ದಕ್ಷಿಣಕ್ಕೆ, ಪಾಕ್ಸೆಗೆ, ಮದುವೆಯಾಗಿ ಹೋಗಿದ್ದಳು. ಮನೆಯಲ್ಲಿ ಒಬ್ಬರೇ ಕೂತು ತಣ್ಣಗಾದ ಅಂಟಕ್ಕಿ ಅನ್ನವನ್ನು ಮೆಣಸಿನ ಚಟ್ನಿಗೆ ಅದ್ದಿ ತಿನ್ನುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಅಂಗಡಿಗೆ ಬಂದವರ ಮುಖದಲ್ಲಿ ಏನೋ ಕಳೆ.

“ನಿನ್ನೆ ಸಂಜೆ ಎಲ್ಲಿಗೆ ಹೋಗಿದ್ದೆ, ಹೇಳು ನೋಡೋಣ.”

“ವಿಹಾರಕ್ಕೆ.”

“ಎಂಬೆಸಿಗೆ!”

“ಕಾರ್ಡು ಕೊಡೋದಕ್ಕಾ?”

“ಊಟಕ್ಕೆ ಕಣೆ.”

ನಾನು ನಂಬಲಿಲ್ಲ. “ಗೇಟಲ್ಲಿ ಪಟ್ಟಿ ನೋಡಲ್ವಾ?”

“ನೋಡ್ತಾರೆ. ಪಟ್ಟಿ ಬರೆದೋನು ಯಾರು?”

ಹೌದು, ಗೇಟಿನ ಪಟ್ಟಿಯ ಶುದ್ಧ ಪ್ರತಿಯನ್ನು ಮಾಡುತ್ತಿದ್ದವರೂ ಅವರೇ. ಮುನ್ನೂರು ಹೆಸರಿನ ನಡುವೆ ಎಲ್ಲೋ ಇನ್ನೂರರ ಆಚೆ ಇನ್ನೊಂದು ಹೆಸರು ಸೇರಿಸಿದ್ದರು: ಶ್ರೀ ಸಿಂಗ್ಖಾಮ್, ನಿವೃತ್ತ ಸಲಹೆಗಾರರು. ಹಿಂದಿನ ವಾರ “ಒಂದು ಕಾರ್ಡು ಕೆಟ್ಟುಹೋಯ್ತು ಫೆಟ್” ಎಂದು ಅವರು ಹೇಳಿದ್ದು ಆಗ ನೆನಪಾಯಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರೂ ನಕ್ಕರು. ರಾಯಭಾರಿ ಕೈಕುಲುಕಿದ್ದು, ಬಿಳಿ ಕೈಗವಸಿನವನು ತಟ್ಟೆ ಹಿಡಿದುಕೊಂಡು ಹಿಂದೆಯೇ ಬಂದದ್ದು, ಹಾಲಿನಿಂದ ಮಾಡಿದ್ದೆಂದು ಕೊಟ್ಟ ಗಟ್ಟಿ ತುಂಡೊಂದು ಕಾಲುಚೀಲದ ವಾಸನೆ ಹೊಡೆದರೂ ನುಂಗಿದ್ದು, ಎಲ್ಲ ಹೇಳಿದರು. ಆಮೇಲೆ, “ಇಪ್ಪತ್ತೆರಡು ವರ್ಷ ಊರಿಗೆಲ್ಲ ಊಟಕ್ಕೆ ಕರೆದೆ. ನನ್ನನ್ನ ಒಬ್ರೂ ಕರೀಲಿಲ್ಲ” ಎಂದರು.

ಮುಂದಿನ ಆರ್ಡರ್ ಬಂದಾಗ ನಾನೇ ಒಂದು ಕಾರ್ಡು ಹೆಚ್ಚಿಗೆ ಅಚ್ಚು ಹಾಕಿ ಮೇಜಿನ ಮೇಲಿಟ್ಟೆ. ತಮಾಷೆಗೆ.

ಅಲ್ಲಿಂದ ಏಳು ವರ್ಷ. ಮೊದಮೊದಲು ದೊಡ್ಡಪ್ಪ ಹೋಗಿ ಮೂಲೆಯಲ್ಲಿ ನಿಂತು ತಿಂದು ಬರುತ್ತಿದ್ದರು. ಬರಬರುತ್ತಾ ಮುಖ ಪರಿಚಯವಾಯಿತು. ಯಾವ ಕಚೇರಿಯಲ್ಲಿದ್ದರು, ಏನು ಸಲಹೆ ಕೊಟ್ಟರು ಎಂದು ಯಾರೂ ಕೇಳಲಿಲ್ಲ. ಅಂಥ ಜಾಗದಲ್ಲಿ ಕೇಳುವುದು ಸಭ್ಯತೆಯಲ್ಲ. ಒಮ್ಮೆ ಪತ್ರಿಕೆಯಲ್ಲಿ ಯಾವುದೋ ರಾಷ್ಟ್ರೀಯ ದಿನದ ಫೋಟೋ ಬಂತು. ರಾಯಭಾರಿಯ ಎಡಭುಜದ ಹಿಂದೆ ದೊಡ್ಡಪ್ಪನ ಅರ್ಧ ಮುಖ. ಅಷ್ಟು ಸಾಕಾಯಿತು. ಅವರು ಯಾವುದೋ ಇಲಾಖೆಯಲ್ಲಿದ್ದರೆಂದಷ್ಟೇ ಓಣಿಗೆ ಗೊತ್ತಿತ್ತು, ಏನಾಗಿದ್ದರೆಂದಲ್ಲ. ಓಣಿಯವರು ಮದುವೆ, ಗೃಹಪ್ರವೇಶಗಳಲ್ಲಿ ಅವರನ್ನು ಮುಂದೆ ಕೂರಿಸಿದರು. ಆಟೋದವರು “ಸಲಹೆಗಾರ ದೊಡ್ಡಪ್ಪ” ಎಂದು ಕರೆದರು. ಅವರು ಬೇಡ ಎನ್ನಲಿಲ್ಲ. ಮಾತು ಮೆಲ್ಲಗಾಯಿತು, ನಡೆಯುವಾಗ ಕೈಗಳು ಬೆನ್ನ ಹಿಂದಕ್ಕೆ ಹೋದವು. ನಮ್ಮ ಅಂಗಡಿಯ ಹಿಂಬದಿಯಲ್ಲಿ ಕೂತು ಹೆಸರು ಬರೆಯುವುದು ಮಾತ್ರ ಹಾಗೇ ಇತ್ತು, ಆದರೆ ಬಾಗಿಲು ಮುಚ್ಚಿಕೊಂಡು.

ಓಣಿಯ ಬಾಯಲ್ಲಿ ಮಾಲೈ ಅಕ್ಕನ ಶಾವಿಗೆ ಸಾರಿನ ಅಂಗಡಿ. ತಗಡಿನ ಚಪ್ಪರ, ನಾಲ್ಕು ಮೇಜು, ಬೆಳಿಗ್ಗೆ ಆರಕ್ಕೆ ಶುರು, ಹತ್ತಕ್ಕೆ ಪಾತ್ರೆ ಖಾಲಿ. ಅಕ್ಕನಿಗೆ ಗಂಡ ಇರಲಿಲ್ಲ. ಒಬ್ಬಳೇ ಮಗಳು ಲತ್ಸಮಿ ಸಮುದ್ರದಾಚೆಯ ಒಂದು ಚಳಿ ದೇಶಕ್ಕೆ ಕಾರ್ಖಾನೆ ಕೆಲಸಕ್ಕೆಂದು ಹೋಗಿ ಅಲ್ಲಿಯವನನ್ನೇ ಮದುವೆಯಾಗಿದ್ದಳು. ಆ ದೇಶದ ಹೆಸರು ನಾನು ಹೇಳುವುದಿಲ್ಲ. ಅವರ ರಾಯಭಾರ ಕಚೇರಿ ನಮ್ಮ ಓಣಿಯಿಂದ ಎರಡು ಕಿಲೋಮೀಟರ್ ದೂರದಲ್ಲಿದೆ.

ಮಳೆ ನಿಂತು ಭತ್ತ ಹಳದಿಗೆ ತಿರುಗುವ ಕಾಲ. ಒಂದು ಸೋಮವಾರ ಬೆಳಿಗ್ಗೆ ಮಾಲೈ ಅಕ್ಕ ಸಾರು ಬಡಿಸುತ್ತಲೇ ಅಳುತ್ತಿದ್ದಳು. ಲತ್ಸಮಿ ಏಳು ತಿಂಗಳ ಬಸುರಿ. ಹಾಸಿಗೆ ಬಿಟ್ಟು ಏಳಕೂಡದೆಂದು ಡಾಕ್ಟರು ಹೇಳಿದ್ದಾರೆ. ಗಂಡ ಮೀನು ಹಡಗಿನಲ್ಲಿ ದೂರದ ಕಡಲಿಗೆ ಹೋದವನು ಇನ್ನೆರಡು ತಿಂಗಳು ಬರುವಂತಿಲ್ಲ. ಅಕ್ಕ ಪಾಸ್‌ಪೋರ್ಟು, ಫೋಟೋ, ಆಸ್ಪತ್ರೆಯ ಕಾಗದ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಫೈಲಿಗೆ ಹಾಕಿ, ಸಾರಿನ ಪೊಟ್ಟಣಕ್ಕೆ ಸುತ್ತುವ ಕೆಂಪು ರಬ್ಬರ್ ಬ್ಯಾಂಡನ್ನೇ ಸುತ್ತಿ ಇಟ್ಟುಕೊಂಡಿದ್ದಳು. ಅಂಗಡಿ ಮುಗಿಸಿ ವೀಸಾ ಕೌಂಟರಿಗೆ ಹೊರಡುವವಳು.

ದೊಡ್ಡಪ್ಪ ಮೂಲೆಯ ಮೇಜಿನಲ್ಲಿದ್ದರು. ನಾನು ಎದುರಿಗೆ.

“ಕೌಂಟರಿಗಾ?” ಎಂದರು. “ನಿಮ್ಮಂಥೋರನ್ನ ಅಲ್ಲಿ ಒಂದು ಸಹಿಗೋಸ್ಕರ ಹತ್ತು ಸಲ ಅಲೆಸ್ತಾರೆ ಮಾಲೈ. ಕೊಡು ಇಲ್ಲಿ. ಗುರುವಾರ ಅವರ ರಾಷ್ಟ್ರೀಯ ದಿನ. ರಾಯಭಾರಿಗೇ ನಾನು ಹೇಳ್ತೀನಿ.”

ನಾಲ್ಕೂ ಮೇಜಿನವರು ತಿರುಗಿ ನೋಡಿದರು. “ಬಿಡಕ್ಕ, ಇನ್ನೇನು, ವಿಮಾನ ಹತ್ತಿದ ಹಾಗೇ” ಎಂದ ಆಟೋದ ಪಿಯಾವಾಟ್. ಅಕ್ಕ ಲಂಗಕ್ಕೆ ಕೈ ಒರೆಸಿಕೊಂಡು ಬಂದು, ತಲೆ ತಗ್ಗಿಸಿ ಕೈಮುಗಿದು, ಎರಡೂ ಕೈಯಲ್ಲಿ ಫೈಲು ಕೊಟ್ಟಳು. ದೊಡ್ಡಪ್ಪ ತೆಗೆದುಕೊಂಡರು. ಆಗ ಒಂದು ಕ್ಷಣ ಅವರು ನನ್ನ ಕಡೆ ನೋಡಿದರು. ನಾನು ಬಟ್ಟಲಿಗೆ ನಿಂಬೆರಸ ಹಿಂಡುತ್ತಾ ಕೂತಿದ್ದೆ.

ಗುರುವಾರ ನಡೆದದ್ದನ್ನು ಅವರು ತುಂಬ ದಿನಗಳ ಮೇಲೆ ನನಗೆ ಹೇಳಿದರು. ಹುಲ್ಲುಹಾಸಿನ ಮೇಲೆ ಸಾಲು. ರಾಯಭಾರಿ ಕೈಕುಲುಕಿ “ಬಂದದ್ದಕ್ಕೆ ಸಂತೋಷ” ಎಂದವರು ಕೈ ಬಿಡುವ ಮೊದಲೇ ಹಿಂದಿನವರ ಮುಖ ನೋಡುತ್ತಿದ್ದರಂತೆ. ರಾಷ್ಟ್ರಗೀತೆಗಳಾದವು, ಭಾಷಣವಾಯಿತು. ದೊಡ್ಡಪ್ಪ ಕೋಟಿನೊಳಗೆ ಫೈಲು ಇಟ್ಟುಕೊಂಡು ರಾಯಭಾರಿಯ ಸುತ್ತ ಮೂರು ಸಲ ಸುಳಿದಾಡಿದರು. ಪ್ರತಿ ಸಲವೂ ಒಂದೇ ಜಾಗದಲ್ಲಿ ಕಾಲು ನಿಂತುಬಿಡುತ್ತಿತ್ತು. ‘ನೀವು ಯಾರು’ ಎಂದು ಕೇಳಿದರೆ ಏನು ಹೇಳುವುದು? ಊಟ ಮಾಡುವುದಕ್ಕೆ ಯಾರೆಂದು ಹೇಳಬೇಕಿರಲಿಲ್ಲ. ಒಂದು ಕೆಲಸ ಮಾಡಿಕೊಡಿ ಎಂದು ಕೇಳಬೇಕೆಂದರೆ ಯಾರಾದರೂ ಆಗಿರಬೇಕಿತ್ತು.

ಕೊನೆಗೆ ಅಲ್ಲಿ ಕೆಲಸಕ್ಕಿದ್ದ ನಮ್ಮೂರ ಹುಡುಗಿಯೊಬ್ಬಳು ತಾನಾಗಿ ಹತ್ತಿರ ಬಂದು ಏನು ಬೇಕೆಂದು ಕೇಳಿದಳು. ಅವರು ಫೈಲಿನ ಅಂಚು ತೋರಿಸಿ ಮಾಲೈ ಅಕ್ಕನ ವಿಷಯ ಮೆಲ್ಲಗೆ ಹೇಳಿದರು.

“ಅಯ್ಯೋ, ಇದನ್ನ ಇಲ್ಲಿ ಯಾಕೆ ತಂದ್ರಿ ದೊಡ್ಡಪ್ಪ? ಅಮ್ಮನೇ ಬರ್ಲಿ. ಬೆಳಿಗ್ಗೆ ಎಂಟೂವರೆಗೆ ಕೌಂಟರ್ ತೆಗೀತೀವಿ. ಆಸ್ಪತ್ರೆ ಕಾಗದ ಇದ್ರೆ ಒಂದು ವಾರದೊಳಗೆ ಆಗೋಗುತ್ತೆ” ಎಂದಳು.

ಅಷ್ಟೇ ಇದ್ದದ್ದು. ಮರುದಿನ ಅಕ್ಕನ ಅಂಗಡಿಗೆ ಹೋಗಿ ಆ ಮಾತನ್ನು ಹಾಗೇ ಹೇಳಿದ್ದರೆ ಮುಗಿಯುತ್ತಿತ್ತು.

ಮರುದಿನ ಅವರು ಹೋದರು. ಪಿಯಾವಾಟ್ ಎದ್ದು ಮೇಜು ಬಿಟ್ಟುಕೊಟ್ಟ. ಅಕ್ಕ ಸೌಟು ಹಿಡಿದೇ ಓಡಿಬಂದಳು.

“ಹೇಳಿದ್ರಾ ದೊಡ್ಡಪ್ಪ?”

“ಹೇಳಿದೆ” ಎಂದರು. “ಅವರೇ ನೋಡ್ತಾರೆ. ಕಾದಿರು.”

ಅವತ್ತು ಅವರ ಬಟ್ಟಲಲ್ಲಿ ಮಾಂಸದ ತುಂಡುಗಳು ಎರಡರಷ್ಟಿದ್ದವು. ಅವರು ಸಾರು ಮಾತ್ರ ಕುಡಿದು ಎದ್ದರು. ಅಕ್ಕ ಇನ್ನೂ ನಾಲ್ಕು ದಿನ ಕೇಳಿದಳು. ಅವರು ನಾಲ್ಕು ದಿನವೂ ‘ಆಗುತ್ತೆ’ ಎಂದರು. ಐದನೆಯ ದಿನದಿಂದ ಓಣಿಯ ಆ ತುದಿಗೆ ಬರುವುದನ್ನೇ ಬಿಟ್ಟು ವಿಹಾರದ ಹಿಂದಿನ ದಾರಿ ಹಿಡಿದರು.

ನಾನು ಒಮ್ಮೆ ಕೇಳಿದೆ. “ದೊಡ್ಡಪ್ಪ, ಆ ಫೈಲು?”

“ನಡೀತಾ ಇದೆ” ಎಂದರು, ನನ್ನ ಮುಖ ನೋಡದೆ. ನನಗೆ ಗೊತ್ತಾಯಿತು. ಗೊತ್ತಾದದ್ದನ್ನು ಮಡಿಚಿ ಒಳಗಿಟ್ಟುಕೊಂಡು ನಾನು ಬಿಲ್ಲು ಪುಸ್ತಕ ಹೊಲಿಯುತ್ತಾ ಕೂತೆ.

ಫೈಲು ಕೊಟ್ಟ ಹದಿನೇಳನೆಯ ದಿನ ಲತ್ಸಮಿಗೆ ನೋವು ಬಂತು. ಅವಳ ಮನೆ ನಾಲ್ಕನೆಯ ಮಹಡಿಯಲ್ಲಿ. ಮನೆಯಲ್ಲಿ ಅಕ್ಕಿ ಮುಗಿದು ತಾನೇ ಇಳಿದು ಹೋಗಿ ಹೊತ್ತು ತಂದಿದ್ದಳಂತೆ. ಆಸ್ಪತ್ರೆಯಲ್ಲಿ ಕೊಯ್ದು ಮಗು ತೆಗೆದರು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಗಂಡು ಮಗು. ಅಮ್ಮ ಜೊತೆಗಿದ್ದಿದ್ದರೆ ಉಳಿಯುತ್ತಿತ್ತೆಂದು ಯಾವ ಡಾಕ್ಟರೂ ಹೇಳಿಲ್ಲ. ಉಳಿಯುತ್ತಿರಲಿಲ್ಲವೆಂದೂ ಹೇಳಿಲ್ಲ.

ಫೋನು ಬಂದಾಗ ಬೆಳಿಗ್ಗೆ ಏಳೂವರೆ. ಅಕ್ಕ ಒಲೆ ಆರಿಸದೆ ಹಾಗೇ ಎದ್ದು ನಮ್ಮ ಅಂಗಡಿಗೆ ಬಂದಳು. “ಬಾ ನನ್ ಜೊತೆ. ಫೈಲು ಇಸ್ಕೊಬೇಕು” ಎಂದಳು. ದೊಡ್ಡಪ್ಪನ ಮನೆ ಬಾಗಿಲನ್ನು ನಾನೇ ಬಡಿದೆ. ಅವರು ಬಾಗಿಲು ತೆರೆದು, ಅಕ್ಕನ ಮುಖ ನೋಡಿ, ಏನೂ ಕೇಳದೆ ಒಳಗೆ ಹೋದರು. ಮಂಚದ ಕೆಳಗಿನ ಪೆಟ್ಟಿಗೆ ಎಳೆದ ಸದ್ದು ಕೇಳಿಸಿತು.

ಕೆಂಪು ರಬ್ಬರ್ ಬ್ಯಾಂಡು ಅಕ್ಕ ಸುತ್ತಿದ್ದ ಹಾಗೆಯೇ ಇತ್ತು. ಸಾರಿನ ಪೊಟ್ಟಣಕ್ಕೆ ಅವಳು ಮೂರು ಸುತ್ತು ಹಾಕಿ ಕೊನೆಯದನ್ನು ಒಳಗೆ ಸಿಕ್ಕಿಸುತ್ತಾಳೆ. ಬೇರೆ ಯಾರು ಬಿಚ್ಚಿದರೂ ಮತ್ತೆ ಹಾಗೆ ಹಾಕಲಾರರು. ಅಕ್ಕ ಅದರ ಮೇಲೆ ಬೆರಳಾಡಿಸಿದಳು.

“ಬಿಚ್ಚಿ ಕೂಡ ನೋಡಿಲ್ವಲ್ಲ ದೊಡ್ಡಪ್ಪ.”

ಅವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ನಾನು ಅಕ್ಕನ ತೋಳು ಹಿಡಿದು ಹೊರಟೆ. ಆ ಮನೆಯ ಮುಂದಿನಿಂದ ಬೇಗ ಹೊರಟುಬಿಡಬೇಕೆಂದು ಅನಿಸಿದ್ದು ಅಕ್ಕನಿಗಲ್ಲ, ನನಗೆ.

ಅಲ್ಲಿಂದ ನೇರ ಕೌಂಟರಿಗೆ ಹೋದೆವು. ಚೀಟಿ ಸಂಖ್ಯೆ ಹದಿನಾಲ್ಕು. ಫ್ಯಾನಿನ ಕೆಳಗೆ ಕುರ್ಚಿ ಹಾಕಿದ್ದರು, ಕುಡಿಯಲು ನೀರಿಟ್ಟಿದ್ದರು. ಸರದಿ ಬಂದಾಗ ಕಿಟಕಿಯ ಹುಡುಗಿ ಕಾಗದಗಳನ್ನು ಒಂದೊಂದಾಗಿ ನೋಡಿ ಎರಡು ಪ್ರಶ್ನೆ ಕೇಳಿದಳು. ಅಕ್ಕ ಉತ್ತರ ಹೇಳಿದಳು. ಹುಡುಗಿ ಮುದ್ರೆ ಒತ್ತಿ ರಸೀದಿ ಕೊಟ್ಟಳು. ಕಾಲು ಗಂಟೆಯೂ ಆಗಲಿಲ್ಲ.

ಅಕ್ಕ ಕಿಟಕಿಯಿಂದ ಕದಲಲಿಲ್ಲ. “ಒಂದು ಕೇಳ್ಲಾ ಮಗಳೇ? ನನ್ನ ವಿಷಯ ರಾಯಭಾರಿಗಳಿಗೆ ಯಾರಾದ್ರೂ ಹೇಳಿದ್ರಾ?”

ಹುಡುಗಿಗೆ ಅರ್ಥವಾಗಲಿಲ್ಲ. “ಇದಕ್ಕೆಲ್ಲ ಅವರಿಗೆ ಯಾಕಮ್ಮ ಹೇಳ್ಬೇಕು?” ಎಂದಳು.

ಆರು ದಿನಕ್ಕೆ ವೀಸಾ ಬಂತು. ಅಕ್ಕ ಹೋದಳು. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಅಂಗಡಿಯ ತಗಡಿನ ಬಾಗಿಲು ಮುಚ್ಚಿಯೇ ಇತ್ತು.

ಫೈಲು ಮರಳಿ ಕೊಟ್ಟ ದಿನ ನಮ್ಮ ಹೊರತು ಅಲ್ಲಿ ಬೇರೆ ಯಾರೂ ಇರಲಿಲ್ಲ. ಅಕ್ಕ ಹೊರಡುವ ಗಡಿಬಿಡಿಯಲ್ಲಿ ಯಾರಿಗೂ ಏನೂ ಹೇಳಲಿಲ್ಲ. ನಾನಂತೂ ಹೇಳುವವಳಲ್ಲ. ಹಾಗಾಗಿ ಓಣಿಯವರ ಪಾಲಿಗೆ ವೀಸಾ ಕೊಡಿಸಿದವರು ಸಲಹೆಗಾರ ದೊಡ್ಡಪ್ಪನೇ ಆದರು! ‘ಪಾಪ, ಅವರು ಮಾಡೋದೆಲ್ಲ ಮಾಡಿದ್ರು, ಮಗೂಗೆ ಆಯಸ್ಸಿರಲಿಲ್ಲ’ ಎಂದು ಜನ ಆಡಿಕೊಂಡರು. ದೊಡ್ಡಪ್ಪ ಇದನ್ನು ಕೇಳಿದ ದಿನವೇ ನಮ್ಮ ಅಂಗಡಿಗೆ ಬಂದು ಹಿಂಬದಿಯ ಮೇಜಿಗೆ ಹಣೆ ಒತ್ತಿ ಕೂತು ಗುರುವಾರದ ಕಥೆಯನ್ನೆಲ್ಲ ಹೇಳಿದರು. ಹೇಳಿ ಮುಗಿಸಿ, “ತಲೆ ಬೋಳಿಸ್ಕೊಂಡು ಹದಿನೈದು ದಿನ ಕಾವಿ ಉಡ್ತೀನಿ. ಆ ಪುಣ್ಯ ಮಗೂಗೆ ಹೋಗ್ಲಿ” ಎಂದರು.

ಕಾವಿ ಉಟ್ಟರು. ಬೆಳಿಗ್ಗೆ ಪಾತ್ರೆ ಹಿಡಿದು ಭಿಕ್ಷುಗಳ ಸಾಲಿನ ಕೊನೆಯಲ್ಲಿ ಬರಿಗಾಲಲ್ಲಿ ಬರುವರು. ಆದರೆ ಓಣಿಯ ಹೆಂಗಸರು ಬಿಡಲಿಲ್ಲ. “ನೆರೆಮನೆ ಮೊಮ್ಮಗನಿಗೋಸ್ಕರ ಕಾವಿ ಉಟ್ಟೋರನ್ನ ಎಲ್ಲಾದ್ರೂ ಕಂಡಿದ್ದೀರಾ” ಎಂದು ಬೇರೆಯವರಿಗಿಂತ ಒಂದು ಹಿಡಿ ಹೆಚ್ಚೇ ಅನ್ನ ಹಾಕಿದರು, ಕಾಲಿಗೆ ಬಿದ್ದರು. ಒಬ್ಬ ಮುದುಕಿ ತನ್ನ ಮೊಮ್ಮಗಳ ಪಾಸ್‌ಪೋರ್ಟಿನ ನಕಲನ್ನು ಬಾಳೆಹಣ್ಣಿನ ಜೊತೆ ಪಾತ್ರೆಗೇ ಹಾಕಿದಳು. ನಾಲ್ಕನೆಯ ದಿನ ಅವರು ಹಿರಿಯ ಭಿಕ್ಷುವಿಗೆ ಅಡ್ಡಬಿದ್ದು ಕಾವಿ ಬಿಚ್ಚಿಟ್ಟು ಮನೆಗೆ ಬಂದರು.

ಆಮೇಲೆ ಆ ರಾಯಭಾರ ಕಚೇರಿಗೆ ಹೋದರು, ಹಗಲು ಹೊತ್ತು, ಎಲ್ಲರಂತೆ ಗೇಟಿನಲ್ಲಿ ಹೆಸರು ಬರೆಸಿ. ಏಳು ವರ್ಷದಲ್ಲಿ ಊರಿನ ಬೇರೆ ಬೇರೆ ರಾಯಭಾರ ಕಚೇರಿಗಳ ನಲವತ್ತೊಂದು ಸಮಾರಂಭಗಳಿಗೆ ಕರೆಯದೆ ಹೋಗಿ ಉಂಡಿದ್ದೇನೆ, ಅದರಲ್ಲಿ ಏಳು ನಿಮ್ಮವು ಎಂದು ದಿನಾಂಕದ ಸಮೇತ ಬರೆದುಕೊಂಡು ಹೋಗಿದ್ದರು. ಕಿಟಕಿಯವಳಲ್ಲ, ಅವತ್ತು ಹುಲ್ಲುಹಾಸಿನ ಮೇಲೆ ಮಾತಾಡಿಸಿದ್ದ ಹುಡುಗಿಯೇ ಓದಿದಳು. ಓದಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕುಬಿಟ್ಟಳು.

“ದೊಡ್ಡಪ್ಪ, ಕರೆದೋರಲ್ಲಿ ಅರ್ಧ ಜನ ಬರೋದೇ ಇಲ್ಲ. ಅಡುಗೆ ಮಿಕ್ಕುತ್ತೆ. ಮುಂದಿನ ವರ್ಷಾನೂ ಬನ್ನಿ, ನಾನೇ ಹೆಸರು ಸೇರಿಸ್ತೀನಿ.”

“ಅವಳು ಬೈದಿದ್ರೆ ಚೆನ್ನಾಗಿತ್ತು ಫೆಟ್” ಎಂದರು ನನ್ನ ಹತ್ತಿರ. “ಪೊಲೀಸರಿಗೆ ಕೊಟ್ಟಿದ್ರೂ ಚೆನ್ನಾಗಿತ್ತು. ನಾನು ಹೊತ್ಕೊಂಡು ಹೋದದ್ದನ್ನ ಇಳಿಸೋಕೆ ಅಲ್ಲಿ ಜಾಗಾನೇ ಇರ್ಲಿಲ್ಲ.”

ಏಪ್ರಿಲ್ ತಿಂಗಳ ನಮ್ಮ ಹೊಸ ವರ್ಷದ ನೀರಾಟಕ್ಕೆ ಹತ್ತು ದಿನವಿದೆ ಎನ್ನುವಾಗ ಮಾಲೈ ಅಕ್ಕ ಮರಳಿ ಬಂದಳು. ಲತ್ಸಮಿ ಚೇತರಿಸಿಕೊಂಡಿದ್ದಳು, ಗಂಡ ಊರಿಗೆ ಬಂದಿದ್ದ. ಅಂಗಡಿ ತೆರೆದ ಮೊದಲ ದಿನ ಮೇಜುಗಳೆಲ್ಲ ತುಂಬಿ ಜನ ನಿಂತುಕೊಂಡು ತಿನ್ನುತ್ತಿದ್ದರು. ದೊಡ್ಡಪ್ಪ ಅದನ್ನೇ ಕಾದಿದ್ದರೆಂದು ಕಾಣುತ್ತದೆ. ಕೋಟಿಲ್ಲ, ಬರೀ ಅಂಗಿ. ಕೂದಲು ಇನ್ನೂ ಪೂರ್ತಿ ಬೆಳೆದಿರಲಿಲ್ಲ. ಚಪ್ಪರದ ನಡುವೆ ಬಂದು ನಿಂತರು. ಪಿಯಾವಾಟ್ ಮೇಜು ಬಿಡಲು ಎದ್ದ.

“ಕೂತ್ಕೊಳಪ್ಪ” ಎಂದರು. “ನಾನು ಸಲಹೆಗಾರ ಅಲ್ಲ. ಯಾವತ್ತೂ ಆಗಿರ್ಲಿಲ್ಲ. ಹಳೆ ಕಾಗದದ ಕೋಣೇಲಿ ಗುಮಾಸ್ತ ಆಗಿದ್ದೆ. ಕಾರ್ಡಿನ ಮೇಲೆ ಹೆಸರು ಬರೆಯೋ ಕೆಲಸ. ಒಂದೊಂದು ಕಾರ್ಡು ಕದ್ದು ನನ್ನ ಹೆಸರು ಬರ್ಕೊಂಡು ಹೋಗ್ತಿದ್ದೆ. ಮಾಲೈ ವಿಷಯ ರಾಯಭಾರಿಗೆ ನಾನು ಒಂದು ಮಾತೂ ಹೇಳಿಲ್ಲ. ಫೈಲು ನನ್ನ ಮಂಚದ ಕೆಳಗಿತ್ತು. ವೀಸಾ ಅವಳೇ ಮಾಡಿಸ್ಕೊಂಡಳು.”

ಯಾರೋ ಕಿಸಕ್ಕೆಂದು ನಕ್ಕು ನಿಲ್ಲಿಸಿದರು. ಪಿಯಾವಾಟ್, “ಹಾಗಾದ್ರೆ ಪೇಪರಲ್ಲಿ ಬಂದ ಫೋಟೋ?” ಎಂದ.

“ತಟ್ಟೆ ಇಡೋಕೆ ಹೋಗ್ತಿದ್ದೆ. ಅಡ್ಡ ಸಿಕ್ಕಿದೆ.”

ಈ ಸಲ ಯಾರೂ ನಗಲಿಲ್ಲ. ಎಲ್ಲರೂ ಅಕ್ಕನ ಕಡೆ ನೋಡಿದರು. ಅವಳು ಕೈಯಲ್ಲಿದ್ದ ಬಟ್ಟಲು ತುಂಬಿ, ಅದನ್ನು ಕೊಡಬೇಕಾದವರಿಗೆ ಕೊಟ್ಟು, ಆಮೇಲೆ ತಿರುಗಿದಳು.

“ಗೊತ್ತು” ಎಂದಳು. “ಕಿಟಕಿ ಹುಡುಗಿ ಹೇಳಿದ ಮಾತಲ್ಲೇ ಗೊತ್ತಾಯ್ತು. ನಿಮ್ಮ ಮೇಲೆ ಸಿಟ್ಟು ಮಾಡೋಕೆ ಹೋದ್ರೆ ಅರ್ಧ ನನ್ನ ಮೇಲೇ ಬರುತ್ತೆ ದೊಡ್ಡಪ್ಪ. ಎರಡು ಕಿಲೋಮೀಟರು. ಅವತ್ತೇ ನಡ್ಕೊಂಡು ಹೋಗ್ಬಹುದಿತ್ತು. ದೊಡ್ಡೋರ ಕೈಲಿ ಕೆಲ್ಸ ಆಗ್ತಿದೆ ಅಂತ ನಾಲ್ಕು ಜನದ ಮುಂದೆ ನಂಗೂ ಹೆಮ್ಮೆ ಆಗಿತ್ತು. ಆಸ್ಪತ್ರೇಲಿ ಮಗಳು ‘ಯಾಕಮ್ಮ ತಡ ಆಯ್ತು’ ಅಂದಾಗ ನಾನೇನು ಹೇಳ್ಲಿ? ಸಲಹೆಗಾರರು ನೋಡ್ಕೋತಿದ್ರು ಅನ್ನಲಾ?”

ದೊಡ್ಡಪ್ಪ ಮಂಡಿಯೂರಲು ಬಾಗಿದರು. ಅಕ್ಕ ತಡೆದಳು.

“ಬೇಡ. ನೀವು ಹಿರಿಯರು, ಆ ಪಾಪ ಬೇರೆ ನಂಗೆ ಬೇಡ. ಹೋಗಿ. ನನ್ನ ಅಂಗಡಿಗೆ ಮಾತ್ರ ಬರ್ಬೇಡಿ.”

“ಯಾವತ್ತೂ?”

“ಅದನ್ನ ಹೇಳೋಕೆ ನಂಗೆ ಬರಲ್ಲ.”

ಅವರು ಕೈಮುಗಿದು ಹೊರಟುಹೋದರು. ಆ ಚಪ್ಪರದ ಕೆಳಗೆ, ಅವರಿಂದ ಮೂರು ಹೆಜ್ಜೆ ದೂರದಲ್ಲಿ, ನಾನೂ ಬಟ್ಟಲು ಹಿಡಿದು ನಿಂತಿದ್ದೆ. ‘ಕದ್ದೆ’ ಎಂದರು ಅವರು. ಮೊದಲನೆಯದೊಂದನ್ನು ಬಿಟ್ಟರೆ ಉಳಿದ ನಲವತ್ತು ಕಾರ್ಡನ್ನೂ ಅಚ್ಚು ಹಾಕಿ ಮೇಜಿನ ಮೇಲೆ ಇಟ್ಟವಳು ನಾನು. ನನ್ನ ಹೆಸರನ್ನು ಅವರು ಎತ್ತಲಿಲ್ಲ, ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮಳೆಗಾಲಕ್ಕೆ ಮೊದಲೇ ಮಗಳು ಬಂದು ಅವರನ್ನು ಪಾಕ್ಸೆಗೆ ಕರೆದುಕೊಂಡು ಹೋದಳು. ಹೋಗುವಾಗ ಅಂಗಡಿಗೆ ಬಂದು ಹೇಳಿ ಹೋದರು, ಕೂರಲಿಲ್ಲ. ಅಲ್ಲಿ ಅಳಿಯನ ಕಾಫಿ ತೋಟದಲ್ಲಿ ಹಣ್ಣು ಆರಿಸಿ ಒಣಹಾಕುತ್ತಾ ಎರಡು ವರ್ಷ ಇದ್ದು ತೀರಿಕೊಂಡರು. ಲತ್ಸಮಿಗೆ ಆಮೇಲೆ ಹೆಣ್ಣು ಮಗುವಾಯಿತು. ಆ ಸಲ ಅಕ್ಕ ಐದನೆಯ ತಿಂಗಳಲ್ಲೇ ಕೌಂಟರಿಗೆ ಹೋಗಿ ಚೀಟಿ ತೆಗೆದುಕೊಂಡು ಕೂತಿದ್ದಳು.

ದೊಡ್ಡಪ್ಪ ತೀರಿಕೊಂಡ ಸುದ್ದಿ ಬಂದ ವಾರ, ಒಂದು ಬೆಳಿಗ್ಗೆ ಗಿರಾಕಿಗಳೆಲ್ಲ ಹೋದ ಮೇಲೆ, ಅಕ್ಕ ಮೇಜು ಒರೆಸುತ್ತಾ ನನ್ನ ಹತ್ತಿರ ಬಂದಳು.

“ಆ ಕಾರ್ಡುಗಳು ನಿಮ್ಮ ಅಂಗಡೀದೇ ಅಲ್ವೇನೆ ಫೆಟ್?”

“ಹೌದಕ್ಕ.”

“ಹಾಗಾದ್ರೆ ಅವರು ಯಾರು ಅಂತ ನಿಂಗೆ ಮೊದಲಿಂದ್ಲೂ ಗೊತ್ತಿತ್ತು.”

“ಗೊತ್ತಿತ್ತು.”

“ನಾನು ಫೈಲು ಕೊಟ್ಟಾಗ ನೀನು ಇಲ್ಲೇ ಕೂತಿದ್ದೆ.”

“ಇಲ್ಲೇ.”

“ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?”

ಹಿರಿಯರ ಮರ್ಯಾದೆ ತೆಗೆಯಬಾರದೆಂದು ಎನ್ನಬಹುದಿತ್ತು. ಅವರು ನಿಜವಾಗಿಯೂ ಹೇಳಿಯಾರು ಅಂದುಕೊಂಡೆ ಎನ್ನಬಹುದಿತ್ತು. ಎರಡೂ ನಾಲಿಗೆಯ ತುದಿಗೆ ಬಂದವು.

“ಹೆಚ್ಚಿನ ಕಾರ್ಡು ನಾನೇ ಹಾಕ್ಕೊಡ್ತಿದ್ದೆ ಅಕ್ಕ. ವಿಷಯ ಹೊರಗೆ ಬಂದ್ರೆ ಎಂಬೆಸಿ ಆರ್ಡರೆಲ್ಲ ತಪ್ಪಿಹೋಗುತ್ತೆ ಅಂತ ಹೆದ್ರಿದೆ.”

ಅಕ್ಕ ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕಿದಳು. “ಹ್ಞೂಂ” ಎಂದಳು. ಬೈಯಲಿಲ್ಲ, ಅಂಗಡಿಗೆ ಬರಬೇಡವೆಂದೂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಹೋದೆ. ಹೋಗದೆ ಇರುವುದು ಇನ್ನೂ ನಾಚಿಕೆಯೆನಿಸಿತು. ಯಾವಾಗಿನ ಮೂಲೆಯಲ್ಲಿ ಕೂತೆ. ಅಕ್ಕ ಬಿಸಿ ಬಟ್ಟಲು ತಂದು ನನ್ನ ಮುಂದಿಟ್ಟಳು.

“ತಗೊಳ್ಳಿ” ಎಂದಳು. “ಸೊಪ್ಪು ಬೇಕಿದ್ರೆ ಅಲ್ಲಿದೆ, ಹಾಕ್ಕೊಳ್ಳಿ.”

ನನಗೆ ಲಂಗ ಕಟ್ಟಲು ಬರದ ಕಾಲದಿಂದ ಅವಳು ನನ್ನನ್ನು ನೋಡಿದವಳು. ‘ಬಾರೆ, ತಿನ್ನೆ, ಸಾಕೇನೆ’ ಬಿಟ್ಟು ಬೇರೆ ಮಾತಿನಲ್ಲಿ ಕರೆದವಳಲ್ಲ. ಈಗ ನಾಲ್ಕು ವರ್ಷವಾಯಿತು. ದಿನಾ ಹೋಗುತ್ತೇನೆ, ಅಕ್ಕ ಎನ್ನುತ್ತೇನೆ. ಅವಳು ಸಾರು ಬಡಿಸುತ್ತಾಳೆ, ಮಾಂಸವನ್ನೂ ಕಡಿಮೆ ಹಾಕುವುದಿಲ್ಲ, ಮಳೆ ಬಿಸಿಲು ಎಂದು ಮಾತೂ ಆಡುತ್ತಾಳೆ. ನನ್ನನ್ನು ‘ನೀವು’ ಎನ್ನುತ್ತಾಳೆ.